‘ತಾಲೀಮು ದ್ವೀಪ’ ಎಂದರೆ ಸರಿಯಾದೀತೇ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಇರುವ ಸ್ಯಾನ್ ಕ್ಲೆಮೆಂಟೆ ದ್ವೀಪದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 1934ರಿಂದ ಅದು ಅಮೆರಿಕದ ನೌಕಾಪಡೆಯ ಕೈಯಲ್ಲಿದೆ. ಊರು ಕೇರಿ ಏನೂ ಇಲ್ಲ. ಹಡಗುಗಳು ಕಡಲಲ್ಲಿ ನಿಂತು ದಡದತ್ತ ನಿಜವಾದ ಗುಂಡು ಹಾರಿಸಿ ಕಲಿಯುತ್ತವೆ. ‘ಸೀಲ್’ ಕಮಾಂಡೋಗಳ ತರಬೇತಿಯ ಒಂದು ಭಾಗವೂ ಅಲ್ಲೇ. ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಗಾಗಿ ನೀರಿನಡಿಯಿಂದ ಚಿಮ್ಮಿಸುವ ಪರೀಕ್ಷೆಗಳೂ ಅಲ್ಲಿ ನಡೆದಿವೆ.

ಇಂಥ ಜಾಗಕ್ಕೆ ಕನ್ನಡದಲ್ಲಿ ಏನನ್ನುವುದು?

ಪತ್ರಿಕೆಗಳು ಸುಮ್ನೆ ‘ಸಮರಾಭ್ಯಾಸ’ ಅಂದುಬಿಡುತ್ತವೆ. ಆ ಪದ ಕೇಳಿದರೆ ಎರಡು ದೇಶದ ಪಡೆಗಳು ಸೇರಿ ನಾಲ್ಕು ದಿನ ನಡೆಸುವ ಕಾರ್ಯಕ್ರಮ ನೆನಪಾಗುತ್ತದೆ. ‘ನೌಕಾನೆಲೆ’ಯೂ ಒಗ್ಗುವುದಿಲ್ಲ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ. ಅಲ್ಲಿ ಹಡಗುಗಳು ತಂಗುತ್ತವೆ. ‘ಅಣಕು ಕಾರ್ಯಾಚರಣೆ’ ಅಂತೂ ಬೇಡ. ಬೀಳುವ ಗುಂಡು ಅಣಕಲ್ಲ!

ನನಗೆ ಹಿಡಿಸಿದ್ದು ‘ತಾಲೀಮು’. ಗರಡಿಯಲ್ಲೂ ಇದೆ, ನಾಟಕದವರ ಬಾಯಲ್ಲೂ ಇದೆ. ಆದರೆ ತಾಲೀಮು ಮಾಡುವುದು ಮನುಷ್ಯರು. ಕ್ಷಿಪಣಿಗೆ ಎಲ್ಲಿಯ ತಾಲೀಮು? ಅದಕ್ಕೆ ಪರೀಕ್ಷೆ. ಒಡಿಶಾದ ಅಬ್ದುಲ್ ಕಲಾಂ ದ್ವೀಪಕ್ಕೆ ‘ಕ್ಷಿಪಣಿ ಪರೀಕ್ಷಾ ಕೇಂದ್ರ’ ಅಂದರೆ ಮುಗಿಯಿತು. ಸ್ಯಾನ್ ಕ್ಲೆಮೆಂಟೆಯಲ್ಲಿ ಎರಡೂ ಇವೆ. ಇಲ್ಲಿ ಬೆಂಗಳೂರಿನಲ್ಲಿ ರಕ್ಷಣಾ ಪ್ರಯೋಗಾಲಯದವರ ಮನೆಯಲ್ಲಿ ಕೇಳಿದರೆ ‘ಟ್ರಯಲ್ಸ್‌ಗೆ ಹೋಗಿದ್ದಾರೆ’ ಅನ್ನುತ್ತಾರೆ, ಅದನ್ನೇ ಉಳಿಸಿಕೊಳ್ಳಲೇ?

ಇನ್ನೊಂದು ತೊಡಕು ‘ಜೀವಂತ ಗುಂಡು’. ಪೊಲೀಸ್ ಸುದ್ದಿಗಳಲ್ಲಿ ಇದು ಮಾಮೂಲು. ನನ್ನ ಲೇಖನದಲ್ಲಿ ಆ ದ್ವೀಪದಲ್ಲಿ ಮಾತ್ರ ಇರುವ ಒಂದು ಗುಬ್ಬಿ ಜಾತಿಯ ಹಕ್ಕಿಯೂ ಬರುತ್ತದೆ. ಆಡುಗಳನ್ನು ಹೊರಹಾಕಿದ ಮೇಲೆ ಗಿಡಗಂಟಿ ಚಿಗುರಿ ಅದು ಚೇತರಿಸಿಕೊಂಡಿತು. 2023ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಒಂದೇ ಪ್ಯಾರಾದಲ್ಲಿ ಹಕ್ಕಿಯೂ ಜೀವಂತ, ಗುಂಡೂ ಜೀವಂತ ಅಂದರೆ ನಗು ಬರುತ್ತೆ ಅಲ್ವಾ? ‘ಅಸಲಿ ಗುಂಡು’ ಅನ್ನೋಣ ಅಂತಿದ್ದೇನೆ.

ಕರಾವಳಿಯವರಿಗೆ ಒಂದು ಪ್ರಶ್ನೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲೂ ನಮ್ಮ ನೌಕಾಪಡೆ ಗುರಿ ಅಭ್ಯಾಸ ಮಾಡುತ್ತಿತ್ತು. ಅದನ್ನು ‘ನೇತ್ರಾಣಿ ಗುಡ್ಡ’ ಅನ್ನುತ್ತೀರಿ. ಹೊಳೆಯ ನಡುವಿನ ದ್ವೀಪವಾದರೆ ಕುದ್ರು, ಉತ್ತರ ಕನ್ನಡದ ಕಡೆ ಕುರ್ವೆ. ಕಡಲಿನದಕ್ಕೆ ಗುಡ್ಡವೇ ಯಾಕೆ, ದೋಣಿಯಿಂದ ಹಾಗೆ ಕಾಣುತ್ತದೆ ಅಂತಲೇ? ಗುಂಡು ಬೀಳುವ ಆ ಜಾಗಕ್ಕೆ, ಆ ದಿನಗಳಲ್ಲಿ ಅತ್ತ ದೋಣಿ ಬಿಡಬಾರದು ಅನ್ನುವುದಕ್ಕೆ ಮೀನುಗಾರರ ಮಾತಿನಲ್ಲಿ ಬೇರೆ ಪದ ಇದೆಯೇ? ಇದ್ದರೆ ದಯವಿಟ್ಟು ಬರೆಯಿರಿ, ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.