ನಾಲಿಗೆ ನುಣುಪಾಗಿ ಉರಿಯುತ್ತಿದೆ: ಏನಿರಬಹುದು, ಯಾವ ಪರೀಕ್ಷೆ ಮಾಡಿಸಬೇಕು?

ಸೋಮವಾರಪೇಟೆಯಿಂದ ಪ್ರಶ್ನೆ: ಅಮ್ಮನಿಗೆ 58 ವರ್ಷ. ಸಕ್ಕರೆ ಕಾಯಿಲೆಗೆ 9 ವರ್ಷದಿಂದ ಮೆಟ್‌ಫಾರ್ಮಿನ್ ತಗೋತಾರೆ. ಎರಡು ತಿಂಗಳಿಂದ ನಾಲಿಗೆ ಕೆಂಪಗೆ, ನುಣ್ಣಗೆ ಆಗಿದೆ. ಕಾಳುಮೆಣಸಿನ ಸಾರು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಪಲ್ಯ ಬಾಯಿಗಿಟ್ಟರೆ ಉರಿ. ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತಂದು ಕೊಡಬಹುದಾ? ನಾಲಿಗೆ ನೋಡಿ ಏನೇನು ಹೇಳಬಹುದು?

ಮಡಿಕೇರಿ, ವೈದ್ಯರು: ಮಾತ್ರೆ ಆಮೇಲೆ, ಮೊದಲು ಪರೀಕ್ಷೆಗೆ ರಕ್ತ ಕೊಡಿ. ನಾಲಿಗೆಯ ಮೇಲಿನ ಸಣ್ಣ ಮೊನೆಗಳ ಜೀವಕೋಶಗಳು ಬೇಗ ಬೇಗ ಹೊಸದಾಗುತ್ತಿರುತ್ತವೆ. ಬಿ12, ಫೋಲಿಕ್ ಆಸಿಡ್, ಕಬ್ಬಿಣ ಕಡಿಮೆಯಾದರೆ ಆ ಮೊನೆಗಳು ಸವೆದು ನಾಲಿಗೆ ಬೋಳಾಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಕರುಳು ಬಿ12 ಹೀರುವುದು ತಗ್ಗುತ್ತದೆ. ಜೊತೆಗೆ ದಿನಾ ಗ್ಯಾಸ್ ಮಾತ್ರೆಯೂ ಇದ್ದರೆ ಇನ್ನಷ್ಟು. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ.

ಸಿಬಿಸಿ (ರಕ್ತಕಣಗಳ ಎಣಿಕೆ), ಬಿ12, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಈ ನಾಲ್ಕು ಸಾಕು. ಸಿಬಿಸಿಯಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಕೊರತೆಯ ಕಡೆಗೆ, 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕಡೆಗೆ ಯೋಚಿಸಬೇಕು. ಎರಡೂ ಕೊರತೆ ಒಟ್ಟಿಗಿದ್ದರೆ ಸಂಖ್ಯೆ ನಡುವೆ ನಿಂತು ಸರಿಯಿದ್ದಂತೆ ಕಾಣುತ್ತದೆ, ಅದಕ್ಕೇ ಫೆರಿಟಿನ್ ಬೇಕು. ಬಿ12 ಸಾಮಾನ್ಯವಾಗಿ 200 pg/mLಗಿಂತ ಕಡಿಮೆ ಇದ್ದರೆ ಕೊರತೆ, 200ರಿಂದ 300 ಅನುಮಾನದ ಜಾಗ. ಪಾದ ಜುಮ್ಮೆನ್ನುತ್ತದೆಯೇ, ಕಣ್ಣು ಮುಚ್ಚಿ ನಿಂತರೆ ತೂಗಾಡುತ್ತಾರೆಯೇ ಕೇಳಿ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸುಧಾರಿಸುತ್ತದೆ, ಆದರೆ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ನಾನು ಹೆದರುವುದು ಅದಕ್ಕೇ.

ವಿರಾಜಪೇಟೆ, ದಂತ ವೈದ್ಯೆ: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಬಾಯಿಯ ಫಂಗಸ್ ಬಿಳಿ ಪದರವೇ ಇಲ್ಲದೆ ಬರೀ ಕೆಂಪಾಗಿಯೂ ಬರುತ್ತದೆ. ಬಿ12 ಎಷ್ಟು ಕೊಟ್ಟರೂ ಅದು ಹೋಗದು. ಕಟ್ಟಿಸಿದ ಹಲ್ಲು ರಾತ್ರಿಯೂ ಹಾಕಿಕೊಂಡೇ ಮಲಗುವವರಿಗೆ, ಆಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಿಗೆ ಇದು ಹೆಚ್ಚು.

ನೋಡುವ ಕ್ರಮ: ಕಾಫಿ, ಎಲೆಅಡಿಕೆ, ನೇರಳೆ ಹಣ್ಣು ತಿಂದು ಒಂದು ಗಂಟೆಯಾದರೂ ಆಗಿರಲಿ. ಹಗಲ ಬೆಳಕಿನಲ್ಲೇ ನೋಡಿ; ಹಳದಿ ಬಲ್ಬಿನಡಿ ಎಲ್ಲರ ನಾಲಿಗೆಯೂ ಕಾಮಾಲೆಯಂತೆ ಕಾಣುತ್ತದೆ. ಮಳೆಗಾಲದ ಮಬ್ಬಿನಲ್ಲಿ ಬಿಳಿ ಟಾರ್ಚ್ ಹಿಡಿಯಿರಿ. ಒಣ ಗಾಜ್ ಬಟ್ಟೆಯಲ್ಲಿ ತುದಿ ಹಿಡಿದು ಎರಡೂ ಅಂಚು ಹಿಂದಿನವರೆಗೆ ನೋಡಿ, ಆಮೇಲೆ ಅಡಿಭಾಗ. ಎಲ್ಲರೂ ಮಧ್ಯಭಾಗ ನೋಡಿ ಸುಮ್ಮನಾಗುತ್ತಾರೆ, ನಾಲಿಗೆ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಚಿನಲ್ಲಿ. ಒರೆಸಿದರೆ ಹೋಗುವ ಬಿಳುಪು ಕೊಳೆಯೋ ಫಂಗಸ್ಸೋ ಇರಬಹುದು. ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರ ದಾಟಿದ ಹುಣ್ಣು, ಕೈಗೆ ಗಟ್ಟಿ ಸಿಗುವ ಗಂಟು, ಇವು ನೋವಿಲ್ಲದಿದ್ದರೂ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಕೇಳುವಂಥವು. ಚೂಪಾದ ಹಲ್ಲು ತಾಗಿ ಆದ ಹುಣ್ಣಾದರೆ ಹಲ್ಲು ನಯ ಮಾಡಿಸಿದ ಎರಡು ವಾರದೊಳಗೆ ಮಾಯಬೇಕು.

ಅಡಿಕೆ ಜಗಿಯುವವರಾದರೆ ಬಾಯಿ ಪೂರ್ತಿ ತೆರೆದು ಅವರದೇ ಮೂರು ಬೆರಳು ಒಂದರ ಮೇಲೊಂದಿಟ್ಟು ತೂರಿಸಲಿ. ತೂರದಿದ್ದರೆ, ಖಾರಕ್ಕೆ ಉರಿಯೂ ಇದ್ದರೆ, ಕೆನ್ನೆಯ ಒಳಪದರ ನಾರುಗಟ್ಟುತ್ತಿರಬಹುದು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ತಿಂದರೂ ಇದು ಬರುತ್ತದೆ.

ಸಿದ್ದಾಪುರ, ತೋಟದ ಆರೋಗ್ಯ ಕಾರ್ಯಕರ್ತೆ: ನಾಲಿಗೆ ಬಿಳಿಚಿದ್ದರೆ ಕೆಳರೆಪ್ಪೆಯ ಒಳಗೂ ನೋಡಿ, ಹಿಮೋಗ್ಲೋಬಿನ್ ಮಾಡಿಸಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳು ಚರ್ಮದ ಮೂಲಕವೇ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು, ಒಂದೆರಡು ಗಂಟೆ ಅಂತರ ಬೇಕು. ನಿಂಬೆ ನೀರಿನ ಜೊತೆ ಒಳ್ಳೆಯದು.

ಗೋಣಿಕೊಪ್ಪ, ನರ್ಸ್: ಭೂಪಟದಂತೆ ಕೆಂಪು ಮಚ್ಚೆ ಬಿಳಿ ಅಂಚಿನೊಂದಿಗೆ ಜಾಗ ಬದಲಿಸುತ್ತಿದ್ದರೆ ಹೆದರಿಕೆ ಬೇಡ, ಔಷಧಿಯೂ ಬೇಡ. ಕಾಯಬಾರದ್ದು ಬೇರೆ: ನಾಲಿಗೆ ನೀಲಿಗಟ್ಟಿದರೆ, ಜೇನು ಕಚ್ಚಿಯೋ ಬಿಪಿ ಮಾತ್ರೆಯಿಂದಲೋ ದಿಢೀರ್ ಊದಿದರೆ, ಮಾತು ತೊದಲಿ ನಾಲಿಗೆ ಒಂದು ಕಡೆಗೆ ವಾಲಿದರೆ ತಕ್ಷಣ 108.

ಸೋಮವಾರಪೇಟೆ: ಅಮ್ಮ ಆಗಲೇ ಮೂರು ದಿನ ಬಿ-ಕಾಂಪ್ಲೆಕ್ಸ್ ನುಂಗಿಯಾಗಿದೆ!

ಮಡಿಕೇರಿ, ವೈದ್ಯರು: ಇವತ್ತೇ ನಿಲ್ಲಿಸಿ, ಆ ಮಾತ್ರೆಯ ಸ್ಟ್ರಿಪ್ ಎಸೆಯದೆ ಜೊತೆಗೆ ಒಯ್ದು ತೋರಿಸಿ. ಬಿ12 ಸಂಖ್ಯೆ ಈಗ ಸುಳ್ಳೇ ಚೆನ್ನಾಗಿ ಬರಬಹುದು. ಅದರಲ್ಲಿ ಬಯೋಟಿನ್ (ಬಿ ಗುಂಪಿನ ಇನ್ನೊಂದು ವಿಟಮಿನ್) ಇದ್ದರೆ ಥೈರಾಯ್ಡ್ ಪರೀಕ್ಷೆಯೂ ತಪ್ಪು ತೋರಿಸಬಹುದು. ನೋಡುವ ವೈದ್ಯರಿಗೆ ಇದು ಗೊತ್ತಿದ್ದರೆ ಸಂಖ್ಯೆಯೊಂದನ್ನೇ ನಂಬದೆ ಪಾದದ ಜುಮ್ಮು, ನಾಲಿಗೆ, ಸಿಬಿಸಿ ಎಲ್ಲವನ್ನೂ ಸೇರಿಸಿ ತೀರ್ಮಾನಿಸುತ್ತಾರೆ.