ಬೈಕಿಗೆ ಜಿಪಿಎಸ್: ಬೇರೆ ಯೂನಿಟ್ ತಗೊಳ್ಳೋದಾ, ಫೋನ್ ಸಾಕಾ?

ಜಮಖಂಡಿ_ಶೈನ್:

ಎಲ್ಲರಿಗೂ ನಮಸ್ಕಾರ. ನಾನು ಸೋಲಾರ್ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಜಮಖಂಡಿ, ಮುಧೋಳ, ಅಥಣಿ, ತಿಕೋಟಾ ಕಡೆ ದಿನಾ ಓಡಾಟ. ಗಾಡಿ ಹೋಂಡಾ ಶೈನ್ 125. ರೈತರು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುತ್ತಾರೆ, ಅದನ್ನು ಹಿಡಿದು ಹೋಗಬೇಕು. ಊರಿನ ತನಕ ಚಿಂತೆ ಇಲ್ಲ. ಊರು ದಾಟಿ ತೋಟದ ದಾರಿ ಹಿಡಿದ ಮೇಲೆ ಕಷ್ಟ. ಕಬ್ಬು ಆಳೆತ್ತರ ಬೆಳೆದಾಗ ಎಡಕ್ಕೂ ಬಲಕ್ಕೂ ಎಲ್ಲ ಒಂದೇ ಥರ ಕಾಣುತ್ತದೆ. ಮಧ್ಯಾಹ್ನದ ಹೊತ್ತು ಕೇಳೋಣ ಅಂದರೆ ನರಪಿಳ್ಳೆಯೂ ಇರುವುದಿಲ್ಲ.

ಈಗ ಫೋನ್ ಜೇಬಿನಲ್ಲಿಟ್ಟು, ಕವಲು ಬಂದಾಗೆಲ್ಲ ಗಾಡಿ ನಿಲ್ಲಿಸಿ ನೋಡುತ್ತೇನೆ. ಹ್ಯಾಂಡಲ್‌ಗೆ ಕೂರಿಸೋಣ ಅಂದರೆ ಭಯ. ಜೊತೆಗೆ ಕೆಲಸ ಮಾಡುವ ಹುಡುಗ ಹಾಗೆ ಕೂರಿಸಿಕೊಂಡು ಓಡಾಡಿದ ಮೇಲೆ ಅವನ ಫೋನಿನ ಕ್ಯಾಮೆರಾ ಫೋಕಸ್ಸೇ ಆಗುತ್ತಿಲ್ಲ. ನನಗೆ ಕ್ಯಾಮೆರಾ ಬೇಕೇ ಬೇಕು. ಕಂಟ್ರೋಲರ್ ಬೋರ್ಡು, ಪ್ಯಾನೆಲ್ ಸೀರಿಯಲ್ ನಂಬರು ಎಲ್ಲದರ ಫೋಟೊ ಕಳಿಸಬೇಕಾಗುತ್ತದೆ.

ಬೈಕಿಗೆ ಅಂತಲೇ ಬರುವ ಜಿಪಿಎಸ್ ಯೂನಿಟ್ ತಗೊಂಡರೆ ನನ್ನ ಕೆಲಸಕ್ಕೆ ಆಗುತ್ತದಾ? ಶೈನ್‌ನ ಚಿಕ್ಕ ಬ್ಯಾಟರಿ ತಡೆಯುತ್ತದಾ? ಬಳಸಿದವರು ಹೇಳಿ.

ಬೆಳಗಾವಿ_ಘಾಟ್:

ನನ್ನ ಹತ್ತಿರ ಗಾರ್ಮಿನ್ ಜೂಮೋ ಎಕ್ಸ್‌ಟಿ ಇದೆ. ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುತ್ತಿರುತ್ತೇನೆ. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಈ ಯೂನಿಟ್ ಐಪಿಎಕ್ಸ್7 ದರ್ಜೆಯದು, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಸ್ಕ್ರೀನ್ 5.5 ಇಂಚು. ಗ್ಲವ್ಸ್ ಹಾಕಿಕೊಂಡೇ ಒತ್ತಬಹುದು, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ. ಮ್ಯಾಪ್ ಒಳಗೇ ಇರುವುದರಿಂದ ಕಾಡಿನಲ್ಲಿ ನೆಟ್‌ವರ್ಕ್ ಹೋದರೂ ದಾರಿ ಹೋಗುವುದಿಲ್ಲ. ನನಗೆ ಇದರ ಮೇಲೆ ಬಹಳ ಪ್ರೀತಿ.

ಆದರೂ ನಿಮಗೆ ಬೇಡ ಅನ್ನುತ್ತೇನೆ. ರೈತರು ಕಳಿಸಿದ ಲೊಕೇಶನ್ ಪಿನ್ ಒತ್ತಿದರೆ ಅದು ಫೋನಿನ ಮ್ಯಾಪಿನಲ್ಲಿ ತೆರೆಯುತ್ತದೆ, ಯೂನಿಟ್‌ನಲ್ಲಿ ಅಲ್ಲ. ಪ್ರತಿ ಸಲ ಅದನ್ನು ಯೂನಿಟ್‌ಗೆ ದಾಟಿಸುತ್ತಾ ಕೂರಬೇಕು. ಪ್ರವಾಸಕ್ಕೆ ಹೋಗುವ ನಾನು ಹಿಂದಿನ ರಾತ್ರಿಯೇ ದಾರಿ ತುಂಬಿಸಿ ಇಡುತ್ತೇನೆ. ನಿಮಗೆ ಮುಂದಿನ ತೋಟ ಯಾವುದು ಅಂತ ಗೊತ್ತಾಗುವುದೇ ಫೋನ್ ಬಂದಾಗ. ಹತ್ತಾರು ಸಾವಿರ ಸುಮ್ನೆ ಹಾಕಬೇಡಿ.

ಗುಮ್ಮಟ_ವೈರಿಂಗ್:

ವಿಜಯಪುರದಲ್ಲಿ ನನ್ನದು ಟೂ ವೀಲರ್ ವೈರಿಂಗ್ ಅಂಗಡಿ. ಯಾವ ಯೂನಿಟ್ ಅನ್ನುವುದಕ್ಕಿಂತ ಎಲ್ಲಿ ಕೂರಿಸುತ್ತೀರಿ, ಕರೆಂಟ್ ಎಲ್ಲಿಂದ ಕೊಡುತ್ತೀರಿ ಅನ್ನುವುದು ದೊಡ್ಡದು ತಮ್ಮಾ.

ಮೊದಲು ಕ್ಯಾಮೆರಾ. ಕೈ ನಡುಗಿದರೂ ಫೋಟೊ ಕದಲಬಾರದು ಅಂತ ಕೆಲವು ಫೋನುಗಳಲ್ಲಿ ಲೆನ್ಸನ್ನೇ ಸರಿಸುವ ವ್ಯವಸ್ಥೆ ಇರುತ್ತದೆ. ಅದಕ್ಕೆ ಓಐಎಸ್ ಅನ್ನುತ್ತಾರೆ. ಇಂಜಿನ್ನಿನ ನಡುಕ ಹ್ಯಾಂಡಲ್ ಮೂಲಕ ಬಂದು ಇದನ್ನು ಕೆಡಿಸಬಹುದು. 2021ರಲ್ಲಿ ಆಪಲ್ ಕಂಪನಿಯೇ ಐಫೋನ್ ಇಟ್ಟುಕೊಂಡವರಿಗೆ ಈ ಎಚ್ಚರಿಕೆ ಕೊಟ್ಟಿತ್ತು. ಆದ್ದರಿಂದ ಕೆಲಸದ ಫೋನ್ ಜೇಬಿನಲ್ಲೇ ಇರಲಿ. ಓಐಎಸ್ ಇಲ್ಲದ ಹಳೇ ಫೋನೊಂದನ್ನು ಗಾಡಿಗೇ ಬಿಟ್ಟುಬಿಡಿ. ಸಿಮ್ ಬೇಕಿಲ್ಲ. ನಿಮ್ಮ ಫೋನಿಗೆ ಬಂದ ಪಿನ್ ಅದರ ವಾಟ್ಸಾಪ್‌ನಲ್ಲೂ ಕಾಣುವಂತೆ ಲಿಂಕ್ ಮಾಡಿ, ಹಾಟ್‌ಸ್ಪಾಟ್ ಕೊಟ್ಟರೆ ಸಾಕು. ನಮ್ಮ ಮೂರೂ ಜಿಲ್ಲೆಯ ಮ್ಯಾಪ್ ಆಫ್‌ಲೈನ್ ಇಳಿಸಿಡಿ. ಉಪಗ್ರಹದ ಸಿಗ್ನಲ್ ಹಿಡಿಯಲು ನೆಟ್‌ವರ್ಕ್ ಬೇಡ, ಮ್ಯಾಪಿನ ಚಿತ್ರಕ್ಕೆ ಮಾತ್ರ ಬೇಕು. ಡೇಟಾ ಇಲ್ಲದಿದ್ದರೆ ಜಾಗ ತೋರಿಸಲು ಮೊದಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಹೊರಡುವ ಮುಂಚೆಯೇ ಬಯಲಲ್ಲಿ ಆನ್ ಮಾಡಿಕೊಳ್ಳಿ.

ಇನ್ನು ಜಾಗ. ಮಿರರ್ ರಾಡಿಗೆ ಹಾಕಬೇಡಿ. ಹ್ಯಾಂಡಲ್‌ನ ತುದಿಗೆ ಹೋದಷ್ಟೂ ನಡುಕ ಜಾಸ್ತಿ. ನಟ್ಟನಡುವೆ, ಹ್ಯಾಂಡಲ್ ಬೋಲ್ಟ್ ಆಗಿರುವ ಕಡೆಗೆ ಹತ್ತಿರವಾಗಿ ಕೂರಿಸಿ. ಮೀಟರ್ ಮುಚ್ಚಬಾರದು, ಕೀ ತಿರುಗಿಸಲು ಅಡ್ಡ ಬರಬಾರದು. ನಡುಕ ಹೀರುವ ರಬ್ಬರ್ ಡ್ಯಾಂಪರ್ ಇರುವ ಲೋಹದ ಮೌಂಟ್ ತಗೊಳ್ಳಿ. ನಾಲ್ಕು ಮೂಲೆಯಲ್ಲಿ ಹಿಡಿಯುವ ಮೌಂಟ್ ಆದರೆ, ಅದರ ಉಗುರು ಫೋನಿನ ಪವರ್ ಬಟನ್ ಒತ್ತುತ್ತಿದೆಯಾ ಅಂತ ಅಂಗಡಿಯಲ್ಲೇ ನೋಡಿ. ಒಂದು ಗಟ್ಟಿ ದಾರವನ್ನೂ ಫೋನಿನಿಂದ ಹ್ಯಾಂಡಲ್‌ಗೆ ಕಟ್ಟಿ.

ಕರೆಂಟಿನ ಲೆಕ್ಕ ಸುಲಭ. 5 ವೋಲ್ಟ್, 2 ಆಂಪಿಯರ್ ಚಾರ್ಜರ್ ಅಂದರೆ 10 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಅದು ಎಳೆಯುವುದು ಸುಮಾರು 1 ಆಂಪಿಯರ್. ಇಂಜಿನ್ ಓಡುತ್ತಿರುವಾಗ ನಿಮ್ಮ ಗಾಡಿಗೆ ಇದು ಭಾರ ಅಲ್ಲ. ತೊಂದರೆ ಇರುವುದು ಗಾಡಿ ನಿಂತಾಗ. ನೇರ ಬ್ಯಾಟರಿಗೆ ಹಾಕಿದರೆ ಫೋನ್ ಇಲ್ಲದಿದ್ದರೂ ಚಾರ್ಜರ್ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ಬ್ಯಾಟರಿಯಿಂದ 3 ಆಂಪಿಯರ್ ಫ್ಯೂಸ್ ಹಾಕಿ ಲೈನ್ ತನ್ನಿ, ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ನಡುವೆ ರಿಲೇ (ಸಣ್ಣ ಕರೆಂಟ್ ಕೊಟ್ಟರೆ ತಾನೇ ಆನ್ ಆಗುವ ಸ್ವಿಚ್) ಹಾಕಿ, ಅದನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಎಬ್ಬಿಸಿ. ಹೆಡ್‌ಲೈಟ್ ವೈರ್ ಮುಟ್ಟಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಹೆಡ್‌ಲೈಟಿಗೆ ಬರುವುದು ಎಸಿ ಕರೆಂಟು, ಈ ಚಾರ್ಜರಿಗೆ ಬೇಕಾದದ್ದು ಬ್ಯಾಟರಿಯ ಡಿಸಿ, ಸುಟ್ಟುಹೋಗಬಹುದು.

ಬಿಸಿಲಿನ ಮಾತು ಹೇಳಲೇಬೇಕು. ಐಫೋನ್‌ಗೆ ಕಂಪನಿ ಹೇಳುವ ಸುತ್ತಲಿನ ಶಾಖದ ಮಿತಿ 35 ಡಿಗ್ರಿ. ನಮ್ಮಲ್ಲಿ ಏಪ್ರಿಲ್ ಮೇನಲ್ಲಿ 40 ದಾಟುತ್ತದೆ. ಬಿಸಿಯಾದ ಫೋನ್ ಮೊದಲು ಸ್ಕ್ರೀನ್ ಮಬ್ಬು ಮಾಡುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ. ಜಿಪ್ ಇರುವ ಕಪ್ಪು ವಾಟರ್‌ಪ್ರೂಫ್ ಚೀಲ ಬೇಸಿಗೆಯಲ್ಲಿ ಬೇಡವೇ ಬೇಡ, ಒಳಗೆ ಗಾಳಿ ಆಡುವುದಿಲ್ಲ. ಹಿಂದಿನ ಕವರ್ ತೆಗೆದು ಗಾಳಿಗೆ ಬಿಡಿ. ಗಾಡಿ ನಿಲ್ಲಿಸಿ ಪಂಪ್ ಬಿಚ್ಚುವಾಗ ಫೋನ್ ಕಳಚಿ ನೆರಳಿಗೆ ಒಯ್ಯಿರಿ.

ಅಥಣಿ_ದನದ_ಡಾಕ್ಟರ್:

ನನ್ನದೂ ತೋಟದಿಂದ ತೋಟಕ್ಕೆ ತಿರುಗುವ ಕೆಲಸವೇ. ಗುಮ್ಮಟ ಅಣ್ಣಾವರು ಹೇಳಿದ ಹಾಗೆ ಹಳೇ ಫೋನನ್ನೇ ನನ್ನ ಗಾಡಿಗೂ ಹಾಕಿಕೊಂಡಿದ್ದೇನೆ. ಪಿನ್ ಬಗ್ಗೆ ಮಾತ್ರ ಹೇಳುತ್ತೇನೆ.

ರೈತ ಸಂತೆಯಲ್ಲಿ ನಿಂತು ಲೊಕೇಶನ್ ಕಳಿಸಿದರೆ ನೀವು ಸಂತೆಗೇ ಹೋಗುತ್ತೀರಿ. 'ಬೋರ್‌ವೆಲ್ ಹತ್ತಿರ ನಿಂತು ಕಳಿಸ್ರಿ' ಅಂತ ಪ್ರತಿ ಸಲ ಹೇಳಿ. ಕಳಿಸುವ ಮುಂಚೆ ಎಷ್ಟು ಮೀಟರ್ ಒಳಗೆ ಸರಿ ಇದೆ ಅಂತ ಅವರ ಫೋನ್ ತೋರಿಸುತ್ತದೆ. ಆ ಅಂಕಿ ಇಳಿಯುವ ತನಕ ಕಾಯಲು ಹೇಳಿ. ಅಂಕಿ ಬರೆದು ಕಳಿಸುವವರಿದ್ದರೆ, ಚುಕ್ಕೆಯ ನಂತರ ಐದು ಅಂಕಿ ಇರಲಿ, ಜಾಗ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರ್ ಆಚೆ ಈಚೆ ಆಗುತ್ತದೆ.

ಮ್ಯಾಪಿನಲ್ಲಿ ಟೂ ವೀಲರ್ ಆಯ್ಕೆ ಇಟ್ಟರೆ ಹೊಲದ ದಾರಿಯನ್ನೂ ತೋರಿಸುತ್ತದೆ. ಬೇಸಿಗೆಯಲ್ಲಿ ಅನುಕೂಲ. ಮಳೆ ಬಿದ್ದ ಮೇಲೆ ಎರೆ ಮಣ್ಣಿನಲ್ಲಿ ಆ ದಾರಿ ಹಿಡಿಯಬೇಡಿ, ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿ ತಿರುಗುವುದೇ ಇಲ್ಲ. ಕೃಷ್ಣೆ ತುಂಬಿದಾಗಲೂ ಅಷ್ಟೇ. ಚಿಕ್ಕೋಡಿ ಕಡೆ ಕಲ್ಲೋಳ-ಯಡೂರ ಸೇತುವೆಯಂಥ ತಗ್ಗಿನ ಸೇತುವೆಗಳು ಮಳೆಗಾಲದಲ್ಲಿ ಮುಳುಗುತ್ತವೆ. ಮ್ಯಾಪ್ ಹೋಗು ಅಂದರೂ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಕೇಳಿಯೇ ಹೊರಡಿ.

ಇನ್ನೊಂದು. 60ರ ವೇಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಕಬ್ಬಿನ ಸೀಸನ್‌ನಲ್ಲಿ ಹಿಂದಿನ ದೀಪವೇ ಇಲ್ಲದ ಟ್ರೇಲರ್ ಇರುತ್ತವೆ. ದಯವಿಟ್ಟು ದನಿಯಲ್ಲೇ ದಾರಿ ಕೇಳಿ, ನೋಡಬೇಕಾದರೆ ನಿಲ್ಲಿಸಿ. ದಾರಿ ನೋಡಲು ಫೋನ್ ಬಳಸಬಹುದು ಅಂತ 2020ರ ಅಕ್ಟೋಬರ್‌ನಿಂದ ನಿಯಮದಲ್ಲೇ ಇದೆ, ಆದರೆ ಗಮನ ತಪ್ಪಬಾರದು ಅಂತಲೂ ಅದರಲ್ಲೇ ಇದೆ.

ಜಮಖಂಡಿ_ಶೈನ್:

ಮೇಡಂ, ಅಣ್ಣಾ, ಬಹಳ ಉಪಕಾರವಾಯಿತು. ಮನೆಯಲ್ಲಿ ತಂಗಿಯ ಹಳೇ ಫೋನ್ ಇದೆ, ಅದನ್ನೇ ಗಾಡಿಗೆ ಹಾಕುತ್ತೇನೆ. ವೈರ್ ಇಲ್ಲದೆ ಚಾರ್ಜ್ ಆಗುವ ಮೌಂಟ್ ಬರುತ್ತದಲ್ಲ, ಅದು ಹೇಗೆ?

ಗುಮ್ಮಟ_ವೈರಿಂಗ್:

ಬೇಡ. ಅದರಲ್ಲಿ ಫೋನ್ ಇನ್ನೂ ಬಿಸಿ ಆಗುತ್ತದೆ. ಹಳೇ ಫೋನಿಗೆ ಆ ಸೌಲಭ್ಯವೂ ಇರಲಿಕ್ಕಿಲ್ಲ. ವೈರೇ ಹಾಕಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ವೈರ್ ಎಲ್ಲೂ ಬಿಗಿಯಾಗಬಾರದು. ಮಳೆಯಲ್ಲಿ ಫೋನಿನ ಚಾರ್ಜಿಂಗ್ ತೂತು ಒದ್ದೆಯಾದರೆ ಚಾರ್ಜರ್ ಪಿನ್ ಚುಚ್ಚಬೇಡಿ, ಒಣಗಲಿ. ಮೊದಲ ವಾರ ಓಡಿಸಿದ ಮೇಲೆ ಮೌಂಟಿನ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ.