ಹುಟ್ಟುಗುಣದ ಫಾರ್ವರ್ಡ್

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಮೂಲೆಮನೆ ಬಳಗ’. ಸದಸ್ಯರು ನಲವತ್ತಮೂರು ಮಂದಿ. ಅಡ್ಮಿನ್ ನಾನು. ಯೋಗ್ಯತೆ ನೋಡಿ ಯಾರೂ ಆರಿಸಿದ್ದಲ್ಲ. ಹಿಂದಿನ ಅಡ್ಮಿನ್ ತೋಟದ ಬೇಲಿಯ ವಿಷಯಕ್ಕೆ ಸಿಟ್ಟು ಮಾಡಿಕೊಂಡು ಗುಂಪು ಬಿಟ್ಟಾಗ ವಾಟ್ಸಾಪ್ ತಾನಾಗಿ ನನ್ನ ತಲೆಗೆ ಕಟ್ಟಿತು.

ಕಳೆದ ಭಾನುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಮುರಳಿ ಒಂದು ಫಾರ್ವರ್ಡ್ ಹಾಕಿದ.

“ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಸಂಶೋಧನೆ!! ಮನುಷ್ಯರಲ್ಲಿ ಐದೇ ಸ್ವಭಾವ. 1. ಸದಾ ಖಿನ್ನ. 2. ಇವತ್ತು ಏರು, ನಾಳೆ ಇಳಿ. 3. ಅತಿ ಉತ್ಸಾಹ: ನಾಲ್ಕು ಗಂಟೆ ನಿದ್ದೆ ಸಾಕು, ಮಾತು ಹೆಚ್ಚು, ತನಗೆ ತಿಳಿಯದ್ದಿಲ್ಲ, ಎಲ್ಲರ ವಿಷಯದಲ್ಲೂ ಕೈ. 4. ಸಿಡುಕು. 5. ಆತಂಕ. ಇಂಥವರಿಗೆ ಮುಂದೆ ಬೈಪೋಲಾರ್ ಕಾಯಿಲೆ ಖಚಿತ!! ರಕ್ತದಲ್ಲೇ ಬರುತ್ತದೆ. ಹತ್ತು ಜನಕ್ಕೆ ತಿಳಿಸಿ.”

ಕೆಳಗೆ ಮುರಳಿಯ ಸ್ವಂತ ಸಾಲು: “ನಮ್ಮಲ್ಲಿ ಮೂರನೆಯದು ಯಾರೆಂದು ಹೇಳಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಸೀತಾರಾಮ ದೊಡ್ಡಪ್ಪ ಅಷ್ಟರಲ್ಲಿ ಎದ್ದು, ಸ್ನಾನ ಮುಗಿಸಿ, ತೋಟ ಸುತ್ತಿ ಬಂದು ಮೂರು ಸುಭಾಷಿತ ಹಾಕಿಯಾಗಿತ್ತು.

ಪ್ರಶಾಂತ: ಯಾವ ವಿಶ್ವವಿದ್ಯಾಲಯ? ಯಾವ ವರ್ಷ? ಆಧಾರ ಎಲ್ಲಿದೆ?

ಮುರಳಿ: ಬಂತು, ಆಧಾರ್ ಕಾರ್ಡ್.

(ಕೊರೊನಾ ಕಾಲದಲ್ಲಿ ಕಷಾಯದ ಫಾರ್ವರ್ಡುಗಳಿಗೆಲ್ಲ ಆಧಾರ ಕೇಳಿ ಪ್ರಶಾಂತ ಗಳಿಸಿಕೊಂಡ ಬಿರುದು ಅದು.)

ದೊಡ್ಡಪ್ಪ: ಇದರಲ್ಲಿ ಹೊಸತೇನಿದೆ? ಗೀತೆಯ ಹದಿನಾಲ್ಕನೆಯ ಅಧ್ಯಾಯ ಓದಿದವರಿಗೆ ಸತ್ತ್ವ, ರಜಸ್ಸು, ತಮಸ್ಸು ಗೊತ್ತಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಬೇಗ ಏಳುವುದೇ ಕಾಯಿಲೆಯಾದರೆ ಈ ಮನೆಯನ್ನು ಕಟ್ಟಿದ್ದು ಕಾಯಿಲೆಯವರೇ.

ವಸುಮತಿ ಚಿಕ್ಕಮ್ಮ: ನಿಮ್ಮ ಹೆಸರನ್ನು ಯಾರೂ ಹೇಳಲಿಲ್ಲವಲ್ಲ, ಭಾವ.

ದೊಡ್ಡಪ್ಪ: ನಾನೂ ಯಾರ ಹೆಸರನ್ನೂ ಹೇಳಲಿಲ್ಲ.

ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ಪ್ರಶಾಂತ ಅಷ್ಟರಲ್ಲಿ ಆಧಾರವನ್ನು ತಾನೇ ಹುಡುಕಿ ತಂದಿದ್ದ. ಉದ್ದನೆಯ ಸಂದೇಶ, ಕೊನೆಯಲ್ಲಿ ‘ಇನ್ನಷ್ಟು ಓದಿ’. ಅದನ್ನು ಒತ್ತುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಅಡ್ಮಿನ್ ಆದ ಪಾಪಕ್ಕೆ ನಾನು ಒತ್ತಿದೆ.

ಅವನು ಬರೆದದ್ದಿಷ್ಟು. ಐದು ಸ್ವಭಾವಗಳ ಮಾತು ಪೂರ್ತಿ ಕಟ್ಟುಕಥೆಯಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1913ರ ಹೊತ್ತಿಗೇ ಉನ್ಮಾದ-ಖಿನ್ನತೆಯ ಕಾಯಿಲೆಯ (ಬೈಪೋಲಾರ್‌ನ ಹಳೆಯ ಹೆಸರು) ಬುಡದಲ್ಲಿ ನಾಲ್ಕು ಬಗೆಯ ಮೂಲ ಸ್ವಭಾವ ಇರುತ್ತದೆ ಎಂದಿದ್ದ. ಆ ಸ್ವಭಾವಗಳು ರೋಗಿಗಳಲ್ಲಿ ಮಾತ್ರವಲ್ಲ, ಕಾಯಿಲೆಯೇ ಬಾರದ ಅವರ ಬಂಧುಗಳಲ್ಲೂ ಅವನಿಗೆ ಕಂಡಿದ್ದವು. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹಾಗೋಪ್ ಅಕಿಸ್ಕಲ್ ಎಂಬ ವೈದ್ಯರು ಆ ಎಳೆಯನ್ನು ಮತ್ತೆ ಹಿಡಿದರು. ಆತಂಕವನ್ನೂ ಸೇರಿಸಿ ಐದು ಮಾಡಿ, ಸಂಗಡಿಗರೊಂದಿಗೆ 110 ಪ್ರಶ್ನೆಗಳ ಪಟ್ಟಿ ರೂಪಿಸಿ 2005ರಲ್ಲಿ ಪ್ರಕಟಿಸಿದರು. ಪ್ರಶ್ನೆಗಳಿಗೆ ಉತ್ತರಿಸುವವರು ನಾವೇ. ಅದು ಸ್ವಭಾವದ ಒಲವನ್ನು ತೋರಿಸುತ್ತದೆಯೇ ಹೊರತು ಕಾಯಿಲೆಯನ್ನು ಪತ್ತೆ ಮಾಡುವುದಿಲ್ಲ. ‘ಖಚಿತ’ ಎಂಬ ಮಾತು ಫಾರ್ವರ್ಡ್ ಬರೆದವರ ಸ್ವಂತ ಸೇರ್ಪಡೆ.

ದೊಡ್ಡಪ್ಪ ಇಡೀ ಸಂದೇಶದಲ್ಲಿ ಒಂದೇ ಒಂದು ಪದವನ್ನು ಎತ್ತಿಕೊಂಡರು.

ದೊಡ್ಡಪ್ಪ: ‘ಬಂಧುಗಳಲ್ಲೂ’ ಎಂದರೆ ಯಾರ ಬಂಧುಗಳು? ಸ್ಪಷ್ಟವಾಗಿ ಬರೆ.

ಪ್ರಶಾಂತ: ರೋಗಿಗಳ ಬಂಧುಗಳು, ದೊಡ್ಡಪ್ಪ. ಜರ್ಮನಿಯಲ್ಲಿ.

ವಸುಮತಿ ಚಿಕ್ಕಮ್ಮ: ಹುಡುಗ ಓದಿದ್ದನ್ನು ಬರೆದಿದ್ದಾನೆ, ಅಷ್ಟೇ.

ದೊಡ್ಡಪ್ಪ: 2003ರಲ್ಲೂ ಯಾರೋ ಹೀಗೆಯೇ ಓದಿದ್ದನ್ನು ಯಲ್ಲಾಪುರದವರ ಕಿವಿಗೆ ಹಾಕಿದ್ದರು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ದೊಡ್ಡಪ್ಪನ ಮಗಳು ಸುಧಾಳಿಗೆ 2003ರಲ್ಲಿ ಯಲ್ಲಾಪುರದ ಕಡೆಯ ಸಂಬಂಧ ಒಂದು ಗೊತ್ತಾಗಿತ್ತು. ಊಟದ ಎಲೆಯ ಲೆಕ್ಕವೂ ಆದ ಮೇಲೆ ಅವರು ಹಿಂದೆ ಸರಿದರು. ನಮ್ಮ ಗಿರಿಜತ್ತೆಗೆ ‘ತಲೆಯ ಕಾಯಿಲೆ’ ಇದೆಯೆಂದು ಯಾರೋ ಹೇಳಿದ್ದರಂತೆ. ಹೇಳಿದವಳು ವಸುಮತಿ ಚಿಕ್ಕಮ್ಮ ಎಂದು ದೊಡ್ಡಪ್ಪನ ಮನೆಯವರ ನಂಬಿಕೆ. ದೊಡ್ಡಪ್ಪನೇ ಬೀಗರೆದುರು ಬಾಯಿ ಜಾರಿ ಆಡಿದರೆಂದು ಚಿಕ್ಕಮ್ಮನ ಮನೆಯವರ ನಂಬಿಕೆ. ಅಂದಿನಿಂದ ಎರಡು ಮನೆಗಳ ನಡುವೆ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಓಡಾಡಿಲ್ಲ. ಅಂತ್ಯೇಷ್ಟಿಗೆ ಹೋಗುತ್ತಾರೆ, ಹೋಳಿಗೆಗೆ ಹೋಗುವುದಿಲ್ಲ.

ಮುರಳಿಗೆ ತಾನು ಹಚ್ಚಿದ ಬೆಂಕಿ ಎಲ್ಲಿಗೆ ತಾಗಿತೆಂದು ಆಗ ತಿಳಿದಿರಬೇಕು. ಅವನು ಇಂಥ ಹೊತ್ತಿನಲ್ಲಿ ಹಿಡಿಯುವುದು ಒಂದೇ ದಾರಿ.

ಮುರಳಿ: ಮೂರನೆಯದು ಎಂದರೆ ಅಜ್ಜನೇ ಅಲ್ಲವೇ, ಮಾವ? ಅಡಿಕೆ ಸುಲಿಯುವ ರಾತ್ರಿಗಳು ನೆನಪಾಗುತ್ತವೆ. ಹದಿನೈದು ಜನ ಮೆಟ್ಟುಗತ್ತಿಯ ಮೇಲೆ ತೂಕಡಿಸುತ್ತಿದ್ದರೆ ಅಜ್ಜ ಒಬ್ಬನೇ ತಾಳಮದ್ದಳೆಯ ಅಷ್ಟೂ ಪಾತ್ರಗಳ ಮಾತನ್ನು ಆಡುತ್ತಿದ್ದ. ಒಂದೇ ಮಳೆಗಾಲದಲ್ಲಿ ಎರಡು ಬಾವಿ ತೋಡಿಸಿದ.

ದೊಡ್ಡಪ್ಪ: ಮಳೆಗಾಲದಲ್ಲಿ ಯಾರಾದರೂ ಬಾವಿ ತೋಡಿಸುತ್ತಾರೆಯೇ? ಬೇಸಿಗೆ. ಒಂದೇ ಬಾವಿ.

ಮುರಳಿ: ಎರಡನೆಯದರಲ್ಲಿ ನೀರು ಬರಲಿಲ್ಲ, ಅದಕ್ಕೆ ಮುಚ್ಚಿದರು. ಆ ಮೆಟ್ಟುಗತ್ತಿಗಳು ಈಗ ಯಾರ ಮನೆಯಲ್ಲಿವೆ?

ಬಾವಿಯ ಮೇಲೆ ಹದಿನೇಳು ಸಂದೇಶ, ಮೆಟ್ಟುಗತ್ತಿಯ ಮೇಲೆ ಒಂಬತ್ತು. ಅವುಗಳ ನಡುವೆ, ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಗಿರಿಜತ್ತೆಯ ಸಂದೇಶ ಬಂದು ಕುಳಿತಿತ್ತು.

ಗಿರಿಜತ್ತೆ: ಈ ಗುಂಪಿನಲ್ಲಿ ಮಾತ್ರೆ ನುಂಗುವವಳು ನಾನಾದ್ದರಿಂದ ಹೇಳುತ್ತೇನೆ. ಸ್ವಭಾವ ಬೇರೆ, ಕಾಯಿಲೆ ಬೇರೆ. ಅಣ್ಣ ಐವತ್ತು ವರ್ಷಗಳಿಂದ ನಾಲ್ಕು ಗಂಟೆಗೆ ಏಳುತ್ತಾನೆ, ರಾತ್ರಿ ಒಂಬತ್ತಕ್ಕೆ ಗೊರಕೆ ಹೊಡೆಯುತ್ತಾನೆ. ಅದು ಸ್ವಭಾವ. 1997ರಲ್ಲಿ ನಾನು ಹನ್ನೊಂದು ದಿನ, ದಿನಕ್ಕೆ ಒಂದು ಗಂಟೆಯೂ ಮಲಗದೆ, ಸಾಗರಕ್ಕೆ ಹೋಗಿ ಒಂದೇ ಹಸಿರು ಬಣ್ಣದ ಇಪ್ಪತ್ತಮೂರು ಸೀರೆಗಳನ್ನು ಸಾಲದಲ್ಲಿ ತಂದೆ. ಅನಂತರ ಮೂರು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಅದು ಕಾಯಿಲೆ. ಲಿಥಿಯಂ ಆ ಏರನ್ನೂ ಇಳಿವನ್ನೂ ಹಿಡಿದು ನಿಲ್ಲಿಸಿದೆ. ನನ್ನ ಸಿಡುಕು ಮಾತ್ರ ಹಾಗೆಯೇ ಇದೆ, ಬೇಕಾದರೆ ಅಂಚೆ ಕಚೇರಿಯಲ್ಲಿ ಕೇಳಿ. ಹುಟ್ಟುಗುಣ ಸುಟ್ಟರೂ ಹೋಗದು, ಲಿಥಿಯಂ ನುಂಗಿದರೂ ಹೋಗದು.

ಬಂದ ಉತ್ತರಗಳೆಲ್ಲ ಸೀರೆಗೆ. “ಆ ಹಸಿರು ಸೀರೆ ಇನ್ನೂ ನನ್ನ ಟ್ರಂಕಿನಲ್ಲಿದೆ.” “ಬಣ್ಣ ಒಂದಿಷ್ಟೂ ಹೋಗಿಲ್ಲ.” ನನ್ನ ಅಮ್ಮ: “ನಮ್ಮಲ್ಲಿ ಅದು ಮೂರು ಮಕ್ಕಳಿಗೆ ಜೋಲಿಯಾಗಿ ಈಗ ಹಪ್ಪಳ ಒಣಗಿಸಲು ಇದೆ.”

ಅತ್ತೆಯ ಮನೆಗೆ ಹೋದವರಿಗೆ ಗೊತ್ತು, ಅವಳು ಲೋಟದ ತುಂಬ ಕಾಫಿ ಕೊಡುವುದಿಲ್ಲ. ಜಿಪುಣತನವಲ್ಲ, ಮಾತ್ರೆಯಿಂದ ಕೈ ಸಣ್ಣಗೆ ನಡುಗುತ್ತದೆ, ಅರ್ಧ ಲೋಟವಾದರೆ ಚೆಲ್ಲುವುದಿಲ್ಲ. ಪಕ್ಕದಲ್ಲಿ ಯಾವಾಗಲೂ ನೀರಿನ ಬಾಟಲಿ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಮಂಡಿನೋವಿಗೆಂದು ಯಾರೋ ಕೊಟ್ಟ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟುವುದಿಲ್ಲ, ಅದರಿಂದಲೂ ಏರುತ್ತದೆ. ರಕ್ತಪರೀಕ್ಷೆಯ ದಿನ ಹಿಂದಿನ ರಾತ್ರಿಯ ಮಾತ್ರೆಗೆ ಹನ್ನೆರಡು ಗಂಟೆ ಆಗುವ ಹೊತ್ತಿಗೆ ಸರಿಯಾಗಿ ಲ್ಯಾಬಿನ ಬಾಗಿಲಲ್ಲಿ ಇರುತ್ತಾಳೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಬರೆದಿಡುತ್ತಾಳೆ: 0.7. ಮುಂದಿನ ಬಾರಿ 0.6. ಇಷ್ಟು ಲೆಕ್ಕವಾಗಿ ಬದುಕುವ ಇನ್ನೊಬ್ಬರು ಬಳಗದಲ್ಲಿಲ್ಲ. ಆದರೂ ಅವಳ ವಿಷಯ ಬಂದಾಗ ಎಲ್ಲರೂ ಅವಳು ಎದುರಿಗೆ ಇಲ್ಲವೇನೋ ಎಂಬಂತೆ ಮಾತನಾಡುತ್ತಾರೆ.

ಅಷ್ಟರಲ್ಲಿ ಗಣಪತಿ ಭಾವನ ಆಗಮನ. ಭಾವ ಸ್ವಂತ ವಾಕ್ಯ ಬರೆದದ್ದನ್ನು ನಾನು ನೋಡಿಲ್ಲ. “ನಿಮ್ಹಾನ್ಸ್ ಸಮೀಕ್ಷೆ: ಕರ್ನಾಟಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಹುಚ್ಚು!!”

ಪ್ರಶಾಂತ: ಆ ರಾಷ್ಟ್ರೀಯ ಸಮೀಕ್ಷೆ ನಡೆದದ್ದು 2015-16ರಲ್ಲಿ, 12 ರಾಜ್ಯಗಳಲ್ಲಿ. ನಮ್ಮ ರಾಜ್ಯ ಅವುಗಳಲ್ಲಿ ಇರಲಿಲ್ಲ. ವಯಸ್ಕರಲ್ಲಿ ಶೇಕಡಾ 10.6 ಎಂಬ ಅಂಕಿಯಲ್ಲಿ ಖಿನ್ನತೆ, ಆತಂಕ, ಕುಡಿತ ಎಲ್ಲ ಸೇರಿವೆ. ಬೈಪೋಲಾರ್ ಶೇಕಡಾ 0.3.

ದೊಡ್ಡಪ್ಪ: ಅಂಕಿ ಬಿಡು. ವಂಶದಲ್ಲಿ ಬರುತ್ತದೆಯೋ ಇಲ್ಲವೋ?

ಪ್ರಶಾಂತ: ವಂಶದ ಪಾಲು ದೊಡ್ಡದೇ. ಆದರೂ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಅತ್ತೆಯಿಂದ ಅಣ್ಣನ ಮಗಳಿಗೆ ಎಂದರೆ ಇನ್ನೂ ಕಡಿಮೆ.

ಕೊನೆಯ ವಾಕ್ಯ ಬೇಕಿರಲಿಲ್ಲ. ಲೆಕ್ಕ ಬಲ್ಲವರಿಗೆ ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ ಇರುವುದಿಲ್ಲ.

ದೊಡ್ಡಪ್ಪ: ನೋಡಿದಿರಾ? ಯಾರ ಮಗಳ ಮಾತು ಬಂತು ನೋಡಿದಿರಾ? ತಾಯಿ ಆಗ ಹೇಳಿದ್ದನ್ನು ಮಗ ಈಗ ಲೆಕ್ಕ ಹಾಕಿ ತೋರಿಸುತ್ತಿದ್ದಾನೆ.

ವಸುಮತಿ ಚಿಕ್ಕಮ್ಮ: ದೇವರ ಮೇಲೆ ಆಣೆ ಮಾಡುತ್ತೇನೆ. ನಾನು ಯಲ್ಲಾಪುರದವರ ಹತ್ತಿರ ಮಾತೇ ಆಡಿಲ್ಲ. ಇಷ್ಟು ವರ್ಷ ಸುಮ್ಮನಿದ್ದೆ.

ನನ್ನ ಅಮ್ಮ: ಸುಮ್ಮನೆ ಎಲ್ಲಿದ್ದೆ?

ಗಿರಿಜತ್ತೆ: ಯಲ್ಲಾಪುರದವರಿಗೆ ಹೇಳಿದವಳು ನಾನು. ಹುಡುಗನ ತಾಯಿ ಹಿತ್ತಿಲಲ್ಲಿ ಕೈ ತೊಳೆಯುವಾಗ ನನ್ನ ಕೈ ನಡುಗುವುದನ್ನು ನೋಡಿ ಏನೆಂದು ಕೇಳಿದರು. ನಡುಗುವ ಕೈಯಲ್ಲೇ ನಿಂತು ಸುಳ್ಳು ಹೇಳಲಾಗಲಿಲ್ಲ. ಮಾತ್ರೆಯ ಹೆಸರನ್ನೂ ಹೇಳಿದೆ.

ಇದು ಬಂದದ್ದು ಹನ್ನೊಂದೂ ನಾಲ್ಕಕ್ಕೆ. ಹನ್ನೊಂದೂ ಐದಕ್ಕೆ ಮುರಳಿ ಹಲಸಿನ ಹಣ್ಣಿನ ಹದಿನಾಲ್ಕು ಚಿತ್ರಗಳನ್ನು ಹಾಕಿದ. ಕಡುಬು ಒಳ್ಳೆಯದೋ ಹಪ್ಪಳ ಒಳ್ಳೆಯದೋ ಎಂಬಲ್ಲಿಗೆ ಮಧ್ಯಾಹ್ನವಾಯಿತು. ಸಂಜೆಯ ಹೊತ್ತಿಗೂ ದೊಡ್ಡಪ್ಪ ಮತ್ತು ಚಿಕ್ಕಮ್ಮ, ನಡುವೆ ಹಲಸು ದಾಟಿಕೊಂಡು, ಅದೇ ವಾದದಲ್ಲಿದ್ದರು. ನಾನು ಅತ್ತೆಗೆ ಫೋನ್ ಮಾಡಿದೆ. “ಮೂವತ್ತೊಂದು ಜನ ಓದಿದ್ದಾರೆ ಎಂದು ತೋರಿಸುತ್ತಿದೆ” ಎಂದಳು, ನಗುತ್ತಲೇ. “ನೀಲಿ ಗೆರೆ ಬಂದರೆ ಓದಿದರು ಎಂದು ಅರ್ಥವೇನು?”

ಸುಧಾ ಈಗ ಮೆಲ್ಬರ್ನ್‌ನಲ್ಲಿದ್ದಾಳೆ. ಜಾನ್ ಕೇಡ್ ಎಂಬ ವೈದ್ಯ ಉನ್ಮಾದಕ್ಕೆ ಲಿಥಿಯಂ ಮದ್ದಾಗಬಲ್ಲದೆಂದು 1949ರಲ್ಲಿ ಪ್ರಕಟಿಸಿದ್ದು ಆ ಊರಿನ ಹೊರವಲಯದ ಬಂಡೂರಾದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ. ಮೊದಲು ಗಿನಿಯಿಲಿ, ಆಮೇಲೆ ಹತ್ತು ಮಂದಿ ಉನ್ಮಾದದ ರೋಗಿಗಳು. ಅಲ್ಲಿಗೆ ಹೋದ ಹೊಸದರಲ್ಲಿ ಸುಧಾ ಬಸ್ಸಿನ ಕಿಟಕಿಯಿಂದ ‘ಬಂಡೂರಾ’ ಫಲಕದ ಚಿತ್ರ ತೆಗೆದು ಅತ್ತೆಗೆ ಕಳುಹಿಸಿದ್ದಳು. ಅತ್ತೆ ಅದನ್ನು ಮುದ್ರಿಸಿ ಮಾತ್ರೆಯ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಗುಂಪಿನಲ್ಲಿ ಸುಧಾ ಬರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಗೆ.

ಅಂದು ಸಂಜೆ ಏಳೂವರೆಗೆ, ಅವಳ ನಡುರಾತ್ರಿಯಲ್ಲಿ, ಬರೆದಳು. ಅತ್ತೆಯ ಸಂದೇಶವನ್ನು ಎತ್ತಿ ಹಿಡಿದು ಅದಕ್ಕೇ ಉತ್ತರಿಸಿದ್ದಳು, ಹಲಸಿನ ಕೆಳಗಿನಿಂದ ಅದು ಮತ್ತೆ ಮೇಲೆ ಬಂತು.

ಸುಧಾ: ಅತ್ತೆ, ಆ ಹುಡುಗನ ಮೀಸೆ ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ವಸುಮತಿ ಚಿಕ್ಕಮ್ಮ ‘ಬರೆಯುತ್ತಿದ್ದಾರೆ’ ಎಂದು ಮೂರು ಬಾರಿ ತೋರಿಸಿ ಮೂರು ಬಾರಿಯೂ ನಿಂತಿತು.

ದೊಡ್ಡಪ್ಪ: ಯಾವ ಹುಡುಗ? ಯಾವ ಮೀಸೆ?